ಪಕ್ಕದ ಬಾಗಿಲು: ಒಂದು ಸಮುದಾಯ ಕೇಂದ್ರವನ್ನು ಸರಿಪಡಿಸಿದ ಅನುಭವ

ನಾನು ಆ ಕೇಂದ್ರದ ಒಳಗೆ ಕಾಲಿಟ್ಟದ್ದು ನಾಲ್ಕನೆಯ ಪ್ರಯತ್ನದಲ್ಲಿ. ಮೊದಲ ಮೂರು ಸಲವೂ ಬಾಗಿಲ ತನಕ ಬಂದು, ಮೇಲೆ ತೂಗುಹಾಕಿದ್ದ ಫಲಕವನ್ನು ಓದಿ, ಬೇರೆಲ್ಲಿಗೋ ಹೊರಟವನಂತೆ ಮುಂದೆ ನಡೆದುಬಿಟ್ಟಿದ್ದೆ. ಲೈಂಗಿಕ ಅಲ್ಪಸಂಖ್ಯಾತರ ಸಹಾಯ ಕೇಂದ್ರ ಎಂಬ ಅಕ್ಷರಗಳು ರಸ್ತೆಯ ಆಚೆ ಬದಿಯಿಂದಲೂ ಓದುವಷ್ಟು ದೊಡ್ಡದಾಗಿದ್ದವು. ಆ ಫಲಕದ ಕೆಳಗೆ ಒಂದು ಕ್ಷಣ ನಿಂತರೂ ನನ್ನ ಗುಟ್ಟನ್ನು ಅದು ಊರಿಗೆಲ್ಲ ಸಾರುತ್ತದೆ ಎಂದು ನನಗನ್ನಿಸಿತ್ತು. ನಾಲ್ಕನೆಯ ದಿನ ಜೋರು ಮಳೆ ಬಂತು. ಮಳೆಗೆ ಓಡಿಬಂದು ನಿಂತವರನ್ನು ಯಾರೂ ಅನುಮಾನಿಸುವುದಿಲ್ಲವೆಂಬ ಧೈರ್ಯದಲ್ಲಿ ಒಳಗೆ ಹೋದೆ.

ಇದಾದ ಆರು ವರ್ಷಗಳ ಮೇಲೆ, ಅದೇ ಕೇಂದ್ರವನ್ನು ಉತ್ತಮಪಡಿಸುವ ಕೆಲಸದ ಹೊಣೆ ನನ್ನ ಮೇಲೆ ಬಂದಾಗ, ನಾನು ಸಿದ್ಧಪಡಿಸಿದ ಮೊದಲ ಯೋಜನೆಯಲ್ಲಿ ಆ ಫಲಕವನ್ನು ಇನ್ನಷ್ಟು ದೊಡ್ಡದು ಮಾಡಿ, ರಾತ್ರಿಯೂ ಕಾಣುವಂತೆ ದೀಪ ಹಾಕಿಸಬೇಕೆಂದು ಬರೆದಿದ್ದೆ. ಒಳಗೆ ಬಂದವರು ಹೊರಗೆ ನಿಂತ ದಿನಗಳನ್ನು ಎಷ್ಟು ಬೇಗ ಮರೆಯುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ನಡುವಿನ ಆರು ವರ್ಷಗಳಲ್ಲಿ ನಾನು ಸಹಾಯವಾಣಿಯ ಸ್ವಯಂಸೇವಕನಾಗಿದ್ದೆ. ಕೇಂದ್ರವನ್ನು ನಡೆಸುತ್ತಿದ್ದುದು ದಾನಿಗಳ ನೆರವಿನಿಂದ ಉಸಿರಾಡುವ ಒಂದು ಸಣ್ಣ ಟ್ರಸ್ಟ್. ವಾರದಲ್ಲಿ ನಾಲ್ಕು ಸಂಜೆ ದೂರವಾಣಿ, ಎರಡು ದಿನ ಆಪ್ತಸಮಾಲೋಚನೆ, ಒಂದು ದಿನ ಕಾನೂನು ಸಲಹೆ, ವಾರಾಂತ್ಯದಲ್ಲಿ ಯಾರು ಬೇಕಾದರೂ ಬಂದು ಕೂರಬಹುದಾದ ಬೈಠಕ್. ಇಷ್ಟು ಅದರ ಸೇವೆ. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ ಸಲಹೆ ಕೊಡದೆ ಕೇಳಿಸಿಕೊಳ್ಳುವುದು. ಕರೆ ಮಾಡಿದವರಿಗೆ ಮನೆಯಲ್ಲಿ ಹೇಳಿಬಿಡಿ ಎಂದು ಒತ್ತಾಯಿಸಬಾರದು, ಹೇಳಬೇಡಿ ಎಂದು ತಡೆಯಲೂಬಾರದು. ಆ ನಿರ್ಧಾರದ ಫಲವನ್ನು ಉಣ್ಣುವವರು ಅವರೇ ಆದ್ದರಿಂದ ನಿರ್ಧಾರವೂ ಅವರದೇ. ಅವರು ಹೇಳಿದ ಹೆಸರಿನಿಂದಲೇ ಕರೆಯಬೇಕು, ಹಳೆಯ ಹೆಸರನ್ನು ಕೆದಕಬಾರದು. ಮೌನವನ್ನು ತುಂಬಲು ಅವಸರಪಡಬಾರದು. ನನ್ನ ಮೊದಲ ವಾರದ ಹೆಚ್ಚಿನ ಕರೆಗಳು ಮೌನದ ಕರೆಗಳೇ ಆಗಿದ್ದವು: ಆ ಕಡೆ ಉಸಿರಾಟ ಕೇಳುತ್ತಿತ್ತು, ನಾವು ಇಲ್ಲೇ ಇದ್ದೇವೆ ಎಂದು ಎರಡು ಮೂರು ಸಲ ಹೇಳುತ್ತಿದ್ದೆ, ಫೋನ್ ಕಟ್ಟಾಗುತ್ತಿತ್ತು. ಅದೇ ವ್ಯಕ್ತಿ ಮರುವಾರ ಮಾತಾಡಬಹುದು ಎಂದು ಹಿರಿಯರು ಹೇಳುತ್ತಿದ್ದರು. ಯಾರು ಯಾರೆಂದು ತಿಳಿಯುವ ದಾರಿ ಮಾತ್ರ ನಮಗಿರಲಿಲ್ಲ.

ಮಾತಾಡಿದವರಲ್ಲಿ ಬಹಳಷ್ಟು ಮಂದಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಕಾಯಿಲೆಯೇ? ಇದಕ್ಕೆ ಮಾತ್ರ ಸುತ್ತುಬಳಸದೆ ಉತ್ತರಿಸಬಹುದಾಗಿತ್ತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲೇ ಸಲಿಂಗಾಸಕ್ತಿಯನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ದಾರಿ ಹಿಡಿಯಿತು. 2022ರಲ್ಲಿ ಜಾರಿಗೆ ಬಂದ ಆ ಸಂಸ್ಥೆಯ 11ನೆಯ ರೋಗ ವರ್ಗೀಕರಣವು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಅನುಭವಕ್ಕೆ ಸಂಬಂಧಿಸಿದ ವಿಭಾಗವನ್ನೂ ಮನೋವ್ಯಾಧಿಗಳ ಅಧ್ಯಾಯದಿಂದ ಹೊರತಂದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿಟ್ಟಿತು. ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದೆವು. ಇಸವಿ ಸಮೇತ ಹೇಳಿದಾಗ ಆ ಕಡೆಯ ಧ್ವನಿ ಸ್ವಲ್ಪ ಗಟ್ಟಿಯಾಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸಾಂತ್ವನದ ಮಾತಿಗಿಂತ ಒಂದು ದಿನಾಂಕ ಹೆಚ್ಚು ಕೆಲಸ ಮಾಡುವ ಸಂದರ್ಭಗಳೂ ಇರುತ್ತವೆ.

ಒಬ್ಬೊಬ್ಬರ ಪಾಳಿ ಮುಗಿದ ಮೇಲೆ ಮುಂದಿನವರಿಗೆಂದು ಒಂದು ದಾಖಲೆ ಪುಸ್ತಕದಲ್ಲಿ ಹೆಸರಿಲ್ಲದೆ ಬರೆದಿಡುವ ಪದ್ಧತಿ ನಮ್ಮಲ್ಲಿತ್ತು. ಇದು ನಾವು ಕಂಡುಹಿಡಿದದ್ದೇನಲ್ಲ. 1974ರ ಮಾರ್ಚಿನಲ್ಲಿ ಲಂಡನ್ನಿನ ಒಂದು ಪುಸ್ತಕದಂಗಡಿಯ ಕಟ್ಟಡದಲ್ಲಿ ಆರಂಭವಾದ, ಇಂದಿಗೂ ನಡೆಯುತ್ತಿರುವ ಸ್ವಿಚ್‌ಬೋರ್ಡ್ ಸಹಾಯವಾಣಿಯ ಸ್ವಯಂಸೇವಕರು ಹಾಗೆ ಬರೆದಿಟ್ಟ ಪುಸ್ತಕಗಳು ಈಗ ಅಲ್ಲಿನ ಒಂದು ದಾಖಲಾಲಯದಲ್ಲಿ ಭದ್ರವಾಗಿವೆ. ನಮ್ಮ ಪುಸ್ತಕವನ್ನು ಕೇಂದ್ರದ ಸುಧಾರಣೆಗೆ ಆಧಾರವಾಗಿ ಬಳಸಬಹುದೆಂದು ನನಗೆ ಹೊಳೆದದ್ದು ತಡವಾಗಿ. ಹಿಂದಿನ ಎರಡು ವರ್ಷಗಳ ಪುಟಗಳನ್ನು ತಿರುವಿಹಾಕಿದಾಗ ಒಂದೇ ಬಗೆಯ ಸಾಲು ಮತ್ತೆ ಮತ್ತೆ ಎದುರಾಯಿತು: ಕೇಂದ್ರಕ್ಕೆ ಬನ್ನಿ ಎಂದೆ, ಬಂದಿದ್ದೆ ಆದರೆ ಒಳಗೆ ಬರಲಿಲ್ಲ ಎಂದರು.

ಆ ಹೊತ್ತಿಗೆ ಒಂದು ದತ್ತಿನಿಧಿಯವರು ಸಮುದಾಯದ ತಾಣಗಳ ಅಭಿವೃದ್ಧಿಗೆಂದು ಅರ್ಜಿ ಕರೆದಿದ್ದರು. ಅರ್ಜಿ ಬರೆದದ್ದು, ಅಂದಾಜು ಪಟ್ಟಿ ಕೊಟ್ಟದ್ದು, ತಿದ್ದಿದ್ದು, ಮತ್ತೆ ಕೊಟ್ಟದ್ದು ಇವೆಲ್ಲ ಎಲ್ಲ ಟ್ರಸ್ಟುಗಳಿಗೂ ಗೊತ್ತಿರುವ ಕಥೆ. ಒಂದು ಮಾತನ್ನು ಮಾತ್ರ ಹೇಳಬೇಕು. ಇಂತಹ ನಿಧಿಗಳು ಕಣ್ಣಿಗೆ ಕಾಣುವ ವಸ್ತುಗಳಿಗೆ ಸಂತೋಷದಿಂದ ಹಣ ಕೊಡುತ್ತವೆ. ಬಾಡಿಗೆ, ವಿದ್ಯುತ್ ಬಿಲ್ಲು, ಆಪ್ತಸಮಾಲೋಚಕರ ಸಂಬಳ ಎಂದ ಕೂಡಲೇ ಹಿಂಜರಿಯುತ್ತವೆ. ಕುರ್ಚಿಗಳಿಗೆ ದಾನಿಗಳು ಸಿಗುತ್ತಾರೆ, ಎದುರಿನ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಳ್ಳುವವರಿಗೆ ಸಿಗುವುದು ಕಷ್ಟ. ನಮಗೆ ಮಂಜೂರಾದ ಹಣವೂ ಕಟ್ಟಡಕ್ಕೆ ಮಾತ್ರ ಮೀಸಲಾಗಿತ್ತು, ಮೂರು ಕಂತುಗಳಲ್ಲಿ ಬರುವುದಿತ್ತು.

ಕಟ್ಟಡವೆಂದರೆ ಎರಡು ಅಂತಸ್ತಿನ ಹಳೆಯ ಬಾಡಿಗೆ ಮನೆ. ಕೆಳಗೆ ರಸ್ತೆಗೆ ಮುಖಮಾಡಿದ ಕಚೇರಿ, ಹಿಂದೆ ಹಳೆಯ ಕಡತಗಳನ್ನು ತುಂಬಿದ ಉಗ್ರಾಣ, ಉಗ್ರಾಣಕ್ಕೆ ಪಕ್ಕದ ಓಣಿಯ ಕಡೆ ತೆರೆಯುವ, ವರ್ಷಗಳಿಂದ ಮುಚ್ಚಿಯೇ ಇದ್ದ ಒಂದು ಬಾಗಿಲು. ಕಡಿದಾದ ಮೆಟ್ಟಿಲು ಹತ್ತಿದರೆ ಬೈಠಕ್ಕಿನ ಹಾಲ್, ಪ್ಲೈವುಡ್ಡಿನಿಂದ ಅಡ್ಡಗಟ್ಟಿದ ಸಮಾಲೋಚನೆಯ ಕೋಣೆ, ಗಂಡಸರು ಹೆಂಗಸರು ಎಂದು ಬರೆದ ಎರಡು ಶೌಚಾಲಯ.

ಅಭಿಪ್ರಾಯ ಸಂಗ್ರಹಿಸಲು ಮೊದಲು ಸಭೆ ಕರೆದೆವು. ಸಭೆಯಲ್ಲಿ ಯಾವಾಗಲೂ ಮಾತಾಡುವವರೇ ಮಾತಾಡಿದರು, ಮತ್ತು ಸಂಜೆಯೆಲ್ಲ ಒಂದೇ ವಿಷಯಕ್ಕೆ ಖರ್ಚಾಯಿತು: ಮುಂಭಾಗದ ಗೋಡೆಗೆ ಯಾವ ಬಾವುಟವನ್ನು ಬರೆಸಬೇಕು? ಕಲಾವಿದ ಗಿಲ್ಬರ್ಟ್ ಬೇಕರ್ ಮತ್ತು ಸಂಗಡಿಗರು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾರಿಸಿದ, ಲೈಂಗಿಕ ಅಲ್ಪಸಂಖ್ಯಾತರ ಗುರುತಾದ ಮೊದಲ ಕಾಮನಬಿಲ್ಲಿನ ಬಾವುಟಕ್ಕೆ ಎಂಟು ಪಟ್ಟಿಗಳಿದ್ದವು. ಮರುವರ್ಷದೊಳಗೆ ಅವು ಆರಕ್ಕಿಳಿದವು, ಗುಲಾಬಿ ಪಟ್ಟಿ ಹೋದದ್ದಕ್ಕೆ ಆ ಬಣ್ಣದ ಬಟ್ಟೆ ಸಾಕಷ್ಟು ಸಿಗದಿದ್ದುದೇ ಕಾರಣ. 2018ರಲ್ಲಿ ಡೇನಿಯಲ್ ಕ್ವಾಸರ್ ಅದಕ್ಕೆ ಟ್ರಾನ್ಸ್‌ಜೆಂಡರ್ ಬಾವುಟದ ಬಣ್ಣಗಳನ್ನೂ ಕಪ್ಪು ಮತ್ತು ಕಂದು ಪಟ್ಟಿಗಳನ್ನೂ ಸೇರಿಸಿದ ರೂಪವನ್ನು ರಚಿಸಿದರು. ಎಂಟೋ, ಆರೋ, ಹೊಸದೋ ಎಂದು ಮೂರು ಪಕ್ಷಗಳಾದವು. ಬಟ್ಟೆಯಂಗಡಿಯ ದಾಸ್ತಾನು ಒಂದು ಚಳವಳಿಯ ಲಾಂಛನವನ್ನೇ ಬದಲಿಸಿತೆಂಬ ಸಂಗತಿ ನನಗೆ ಇಷ್ಟವಾದದ್ದು ನಿಜ. ಆದರೂ ಮೂರು ಗಂಟೆ ಕಳೆದ ಮೇಲೆ, ಮುಂದಿನ ಗೋಡೆಯ ಮೇಲೆ ಬಾವುಟವೇ ಬೇಕೇ ಎಂದು ಯಾರೂ ಕೇಳಿಲ್ಲವಲ್ಲ ಎಂಬುದು ಅರಿವಿಗೆ ಬಂತು.

ಆದ್ದರಿಂದ ಎರಡನೆಯ ವಾರ ಶೌಚಾಲಯಗಳ ಒಳಗೆ ಒಂದೊಂದು ಬೀಗ ಹಾಕಿದ ಪೆಟ್ಟಿಗೆ, ಚೀಟಿ ಮತ್ತು ಪೆನ್ಸಿಲ್ ಇಟ್ಟೆವು. ಇಡೀ ಕಟ್ಟಡದಲ್ಲಿ ಯಾರ ಕಣ್ಣಿಗೂ ಬೀಳದೆ ಬರೆಯಬಹುದಾದ ಸ್ಥಳ ಅದೊಂದೇ. ಐದು ವಾರಗಳ ಕೊನೆಗೆ ಪೆಟ್ಟಿಗೆ ತೆರೆದಾಗ ಸಿಕ್ಕಿದ ಚೀಟಿಗಳಲ್ಲಿ ಬಾವುಟದ ಪ್ರಸ್ತಾಪವೇ ಇರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂರಲು ನನಗೆ ಹೆದರಿಕೆ, ಎಲ್ಲ ಕುರ್ಚಿಗಳೂ ಯಾಕೆ ಆ ಕಡೆ ಇವೆ ಎಂದು ಒಬ್ಬರು ಕೇಳಿದ್ದರು. ಒಳಗೆ ಬಂದ ಕೂಡಲೇ ಹೆಸರು ಬರೆಸಿಕೊಳ್ಳುವ ರಿಜಿಸ್ಟರನ್ನು ತೆಗೆಯಿರಿ ಎಂದು ಏಳೆಂಟು ಮಂದಿ ಬರೆದಿದ್ದರು. ಸಮಾಲೋಚನೆಯ ಕೋಣೆಯಲ್ಲಿ ಅತ್ತದ್ದು ಹೊರಗೆ ಕೇಳಿಸುತ್ತದೆ, ನಾನು ಕೇಳಿಸಿಕೊಂಡಿದ್ದೇನೆ, ಹಾಗಾಗಿ ನಾನು ಹೋಗಿಲ್ಲ ಎಂಬುದು ಇನ್ನೊಂದು ಚೀಟಿ. ಊರುಗೋಲು ಹಿಡಿದವರು ಮೆಟ್ಟಿಲು ಹತ್ತುವುದು ಹೇಗೆಂದು ಯೋಚಿಸಿದ್ದೀರಾ ಎಂಬುದು ಮತ್ತೊಂದು. ನನ್ನನ್ನು ಬಹಳ ಕಾಡಿದ ಚೀಟಿಯಲ್ಲಿ ಹೀಗಿತ್ತು: ನಾನು ಕೆಲಸದಿಂದ ಗಂಡಸಿನ ಉಡುಪಿನಲ್ಲಿ ಬರುತ್ತೇನೆ, ಇಲ್ಲಿ ಎರಡು ಗಂಟೆ ನಾನಾಗಿ ಕೂರಬೇಕು, ಬಟ್ಟೆ ಬದಲಿಸಲು ಜಾಗವಿಲ್ಲ, ಆ ಬಟ್ಟೆಯನ್ನು ಮನೆಗೆ ಒಯ್ಯುವಂತಿಲ್ಲ.

ಸದ್ದಿನ ದೂರನ್ನು ನಾವೇ ಪರೀಕ್ಷಿಸಿದೆವು. ಇಬ್ಬರು ಒಳಗೆ ಕುಳಿತು ದಿನಪತ್ರಿಕೆಯನ್ನು ಮಾತಿನ ಧ್ವನಿಯಲ್ಲಿ ಓದಿದರು, ನಾನು ಹೊರಗೆ ನಿಂತು ಕೇಳಿದ್ದನ್ನೆಲ್ಲ ಬರೆದುಕೊಂಡೆ. ಹೆಚ್ಚುಕಡಿಮೆ ಇಡೀ ಸುದ್ದಿ ನನ್ನ ಹಾಳೆಯಲ್ಲಿತ್ತು. ಗೋಡೆ ದಪ್ಪ ಮಾಡಿದರೆ ಸಾಕೆಂಬುದು ನಮ್ಮ ಎಣಿಕೆ. ಬಡಗಿ ಬಾಗಿಲ ಕೆಳಗಿನ ಸಂದಿಗೆ ಒಂದು ದಪ್ಪ ಬಟ್ಟೆ ತುರುಕಿ ಮತ್ತೆ ಓದಿ ಎಂದರು, ಅರ್ಧಕ್ಕರ್ಧ ಮಾತು ನಿಂತೇಹೋಯಿತು. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ, ಎಷ್ಟು ದಪ್ಪ ಗೋಡೆ ಕಟ್ಟಿದರೂ ಬಾಗಿಲ ಸಂದಿ ಬಿಟ್ಟರೆ ಪ್ರಯೋಜನವಿಲ್ಲ ಎಂಬುದನ್ನು ಅಂದು ಕಲಿತೆ. ಕೊನೆಗೆ ಸಮಾಲೋಚನೆಯ ಕೋಣೆಯನ್ನು ಇಟ್ಟಿಗೆ ಗೋಡೆಗಳಿದ್ದ ಕೆಳಗಿನ ಉಗ್ರಾಣಕ್ಕೇ ಇಳಿಸಿದೆವು, ಟೊಳ್ಳಿಲ್ಲದ ಮರದ ಬಾಗಿಲು ಹಾಕಿಸಿ ಸುತ್ತಲೂ ರಬ್ಬರ್ ಪಟ್ಟಿ ಕೂಡಿಸಿದೆವು, ಹೊರಗಿನ ಗೋಡೆಗೆ ಪುಸ್ತಕದ ಕಪಾಟುಗಳನ್ನು ಒತ್ತಿ ನಿಲ್ಲಿಸಿದೆವು. ಬೈಠಕ್ಕಿನ ಹಾಲೂ ಕೆಳಗೆ ಬಂತು, ಕಚೇರಿ ಮತ್ತು ದೂರವಾಣಿ ಮೇಲಕ್ಕೆ ಹೋದವು.

ಉಗ್ರಾಣದ ಕಡತಗಳನ್ನು ತೆರವು ಮಾಡಿದ ದಿನವೇ ಪಕ್ಕದ ಬಾಗಿಲು ಬೆಳಕಿಗೆ ಬಂದದ್ದು. ಓಣಿಯ ಕಡೆ ಅದಕ್ಕೆ ತಲಾ 15 ಸೆಂಟಿಮೀಟರ್ ಎತ್ತರದ ಎರಡು ಮೆಟ್ಟಿಲುಗಳಿದ್ದವು. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕ ಬಹಳ ಕಡೆ ಬಳಕೆಯಲ್ಲಿದೆ; ಅಂದರೆ 30 ಸೆಂಟಿಮೀಟರ್ ಏರಲು 3.6 ಮೀಟರ್ ಉದ್ದದ ಇಳಿಜಾರು ಬೇಕು. ಮುಂಭಾಗದಲ್ಲಿ ಅಷ್ಟು ಜಾಗವೇ ಇರಲಿಲ್ಲ, ಓಣಿಯಲ್ಲಿ ಗೋಡೆಗುಂಟ ಸರಿಯಾಗಿ ಕೂರುತ್ತಿತ್ತು. ಬಾಗಿಲನ್ನು 90 ಸೆಂಟಿಮೀಟರಿಗೆ ಅಗಲ ಮಾಡಿಸಬಹುದೆಂದು ಮನೆಯ ಮಾಲೀಕರೂ ಒಪ್ಪಿದರು.

ಒಪ್ಪದವರು ನಮ್ಮಲ್ಲೇ ಇದ್ದರು. ಕೇಂದ್ರವನ್ನು ಆರಂಭಿಸಿದವರಲ್ಲಿ ಒಬ್ಬರಾದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯರೊಬ್ಬರು ಸಮಿತಿಯ ಸಭೆಯಲ್ಲಿ ಎದ್ದು ನಿಂತು, ‘ಇಪ್ಪತ್ತು ವರ್ಷ ಕದ್ದುಮುಚ್ಚಿ ಬದುಕಿದ ಮೇಲೆ ಆ ಮುಂಬಾಗಿಲಿಗೆ ನಮ್ಮ ಹೆಸರು ಬರೆಸಿದ್ದೇವೆ. ಈಗ ನೀವು ನಮ್ಮವರನ್ನು ಮತ್ತೆ ಓಣಿಯಿಂದ ಕರೆಸುತ್ತೀರಾ?’ ಎಂದು ಕೇಳಿದರು. ಉತ್ತರ ಕೊಡಲು ನನಗೆ ತಕ್ಷಣ ಆಗಲಿಲ್ಲ, ಏಕೆಂದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಾಲಿಗೆ ಬಲವಿಲ್ಲದವರನ್ನು ಮಾತ್ರ ಹಿಂಬದಿಯಿಂದ ಕರೆತರುವುದೂ ಒಂದು ಅವಮಾನವೇ. ಇನ್ನೊಂದು ಕಡೆ, ಮಳೆಗಾಗಿ ಕಾದು ಒಳಗೆ ಬಂದಿದ್ದ ನಾನೂ ಅಲ್ಲೇ ಕುಳಿತಿದ್ದೆ. ದಾಖಲೆ ಪುಸ್ತಕದ ಆ ಸಾಲುಗಳನ್ನು ಒಂದೊಂದಾಗಿ ಓದಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಎರಡೂ ಬಾಗಿಲು ತೆರೆದಿರಲಿ, ಯಾರು ಯಾವುದರಿಂದ ಬರಬೇಕೆಂದು ನಾವು ಹೇಳುವುದು ಬೇಡ ಎಂದರು.

ಫಲಕದ ಚರ್ಚೆಯಲ್ಲಿ ನನಗೆ ನೆರವಾದದ್ದು ನೆದರ್ಲೆಂಡ್ಸಿನ ಒಂದು ನಿದರ್ಶನ. ಜಗತ್ತಿನ ಅತಿ ಹಳೆಯ ಸಲಿಂಗಿ ಸಂಘಟನೆಗಳಲ್ಲಿ ಇಂದಿಗೂ ಉಳಿದಿರುವ ಸಿಒಸಿ 1946ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ್ದು ಷೇಕ್ಸ್‌ಪಿಯರ್ ಕ್ಲಬ್ ಎಂಬ ಹೆಸರಿನಲ್ಲಿ. ಕೆಲವು ವರ್ಷಗಳ ಮೇಲೆ ಇಟ್ಟುಕೊಂಡ, ಈಗಿನ ಮೂರಕ್ಷರಕ್ಕೆ ಮೂಲವಾದ ಹೆಸರಿನ ಅರ್ಥವೂ ಸಂಸ್ಕೃತಿ ಮತ್ತು ವಿಹಾರ ಕೇಂದ್ರ ಎಂದಷ್ಟೇ. ಹೆಸರಿನ ಮರೆಯಲ್ಲಿ ಅವರು ಮಾಡಿದ ಕೆಲಸವನ್ನು ಯಾರೂ ಹೇಡಿತನ ಎನ್ನಲಾರರು. ಮುಂಬಾಗಿಲಿನ ಫಲಕ ಇದ್ದ ಹಾಗೆಯೇ, ಇದ್ದ ಅಳತೆಯಲ್ಲೇ ಉಳಿಯಿತು. ಓಣಿಯ ಬಾಗಿಲಿಗೆ ಮನೆಯ ಸಂಖ್ಯೆ ಮತ್ತು ವಾಚನಾಲಯ ಎಂಬ ಒಂದೇ ಪದ. ಕಪಾಟುಗಳಲ್ಲಿ ಪುಸ್ತಕಗಳು ಇದ್ದೇ ಇದ್ದುದರಿಂದ ಅದು ಸುಳ್ಳೂ ಆಗಲಿಲ್ಲ. ಬಾವುಟ, ಆರು ಪಟ್ಟಿಯದು, ಒಳಗಿನ ಗೋಡೆಯ ಮೇಲೆ ಅಂಗೈಯಗಲ ಬಂತು.

ಶೌಚಾಲಯಗಳ ಮೇಲಿನ ಗಂಡಸರು, ಹೆಂಗಸರು ಎಂಬ ಫಲಕಗಳನ್ನು ತೆಗೆಯುವುದು ಹತ್ತು ನಿಮಿಷದ ಕೆಲಸವೆಂದುಕೊಂಡಿದ್ದೆ. ಫಲಕ ತೆಗೆದರೆ ಸಾಲದು, ಬಾಗಿಲು ನೆಲದಿಂದ ಮೇಲಿನ ತನಕ ಪೂರ್ತಿ ಮುಚ್ಚಬೇಕು, ಕೈತೊಳೆಯುವ ಬೇಸಿನ್ ಒಳಗೇ ಇರಬೇಕು, ಚಿಲಕ ಗಟ್ಟಿಯಾಗಿರಬೇಕು, ಬಟ್ಟೆ ತೂಗುಹಾಕಲು ಕೊಕ್ಕೆ ಬೇಕು, ಸ್ಯಾನಿಟರಿ ಪ್ಯಾಡ್ ಹಾಕುವ ಮುಚ್ಚಳದ ಬುಟ್ಟಿ ಎಲ್ಲದರಲ್ಲೂ ಬೇಕು. ಏಕೆಂದರೆ ಟ್ರಾನ್ಸ್ ಪುರುಷರಿಗೂ, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟ ಗಂಡಸರಿಗೂ, ಅದರ ಅಗತ್ಯವಿರುತ್ತದೆ, ಇಲ್ಲಿಯ ತನಕ ಅವರು ಅದನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಕೆಳಗೆ ಗಾಲಿಕುರ್ಚಿ ತಿರುಗುವಷ್ಟು, ಅಂದರೆ 150 ಸೆಂಟಿಮೀಟರ್ ಸುತ್ತಳತೆಯ ವೃತ್ತವಲ್ಲ, ಅಷ್ಟು ವ್ಯಾಸದ ಜಾಗ ಬಿಟ್ಟು ಮೂರನೆಯದೊಂದನ್ನು ಕಟ್ಟಿಸಿದೆವು. ಈ ಎರಡು ಪದಗಳನ್ನು ನಾನು ಅದಲುಬದಲು ಮಾಡಿ ಬರೆದುಕೊಟ್ಟಿದ್ದರಿಂದ ಗಾರೆಯವರು ಒಂದು ಗೋಡೆಯನ್ನು ಕಟ್ಟಿ ಮತ್ತೆ ಒಡೆಯಬೇಕಾಯಿತು. ಶೌಚಾಲಯಕ್ಕೆ ಇಷ್ಟೊಂದು ಹಣವೇ ಎಂದು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಗೊಣಗಿದಾಗ, ನ್ಯೂಯಾರ್ಕಿನ ಸಮುದಾಯ ಕೇಂದ್ರದ ಶೌಚಾಲಯವೊಂದರ ಗೋಡೆಗಳ ಮೇಲೆ ಹೆಸರಾಂತ ಚಿತ್ರಕಲಾವಿದ ಕೀತ್ ಹೇರಿಂಗ್ 1989ರಲ್ಲಿ, ತಾವು ತೀರಿಕೊಳ್ಳುವ ಮುನ್ನಾವರ್ಷ, ಚಿತ್ರ ಬರೆದದ್ದನ್ನೂ ಅದನ್ನು ಇಂದಿಗೂ ಜೋಪಾನ ಮಾಡಿರುವುದನ್ನೂ ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ, ಬಿಲ್ಲಿಗೆ ಸಹಿ ಮಾತ್ರ ಬಿತ್ತು.

ಮೆಟ್ಟಿಲ ಕೆಳಗಿನ ಖಾಲಿ ಜಾಗ ಬಟ್ಟೆ ಬದಲಿಸುವ ಕೋಣೆಯಾಯಿತು. ನಿಲುವುಗನ್ನಡಿ, ಮುಖಕ್ಕೆ ನೆರಳು ಬೀಳದ ಹಾಗೆ ಕನ್ನಡಿಯ ಎರಡೂ ಬದಿಗೆ ದೀಪ, ಒಳಗಿನಿಂದ ಚಿಲಕ, ಮತ್ತು ಎಂಟು ಲಾಕರುಗಳು. ಲಾಕರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ, ಬೀಗ ಬಳಸುವವರದೇ. ಆ ಚೀಟಿ ಬರೆದವರು ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ, ತಿಳಿಯಲು ಪ್ರಯತ್ನಿಸಲೂ ಇಲ್ಲ. ಕೋಣೆ ಸಿದ್ಧವಾದ ಎರಡನೆಯ ವಾರಾಂತ್ಯದಲ್ಲೇ ಎಂಟೂ ಭರ್ತಿಯಾದವು.

ಕೆಲಸ ಮುಗಿಯುತ್ತ ಬಂದಾಗ ನಿಧಿಯವರಿಂದ ಪತ್ರ ಬಂತು: ಕೊನೆಯ ಕಂತಿಗೆ ಫಲಾನುಭವಿಗಳ ಹೆಸರು, ಸಹಿ ಮತ್ತು ಉದ್ಘಾಟನೆಯ ಭಾವಚಿತ್ರಗಳನ್ನು ಲಗತ್ತಿಸಬೇಕು. ಅವರ ದೃಷ್ಟಿಯಿಂದ ಅದು ಸಹಜ. ದಾನಿಗಳ ಹಣಕ್ಕೆ ಲೆಕ್ಕ ಬೇಡವೇ? ಚೀಟಿಗಳ ಮಾತಿಗೆ ಬೆಲೆಕೊಟ್ಟು ಬಾಗಿಲ ಬಳಿಯ ರಿಜಿಸ್ಟರನ್ನು ನಾವು ಆಗಷ್ಟೇ ತೆಗೆದುಹಾಕಿದ್ದೆವು. ಸೇವೆ ಪಡೆದವರ ಹೆಸರು ಕೊಡಲಾಗದು, ಬದಲಿಗೆ ಬಂದವರೆಲ್ಲ ಒಂದು ಗಾಜಿನ ಜಾಡಿಗೆ ಅಂಗಿಯ ಗುಂಡಿಯೊಂದನ್ನು ಹಾಕುತ್ತಾರೆ, ವಾರಕ್ಕೊಮ್ಮೆ ಎಣಿಸಿ ಇಬ್ಬರು ಸಹಿ ಮಾಡುತ್ತೇವೆ ಎಂದು ಬರೆದೆ. ಎರಡು ತಿಂಗಳು ಪತ್ರವ್ಯವಹಾರ ನಡೆಯಿತು, ಅಷ್ಟೂ ದಿನ ಬಡಗಿಯ ಬಾಕಿ ಉಳಿದಿತ್ತು. ಕೊನೆಗೆ ಅವರ ಪ್ರತಿನಿಧಿಯೊಬ್ಬರು ತಾವೇ ಬಂದು ಒಂದು ಸಂಜೆ ಹಾಲಿನ ಮೂಲೆಯಲ್ಲಿ ಕುಳಿತು, ಹೋಗುವಾಗ ತಾವೂ ಒಂದು ಗುಂಡಿ ಹಾಕಿ ಹೋದರು. ವರದಿಯಲ್ಲಿ ಅಚ್ಚಾದದ್ದು ಜನರಿಲ್ಲದ ಕೋಣೆಗಳ ಚಿತ್ರಗಳು. ಮಂಕಾದ ಚಿತ್ರಗಳೆಂದು ಕೆಲವರು ಹೇಳಿದರು. ನನ್ನ ಮಟ್ಟಿಗೆ ಅವು ನಮ್ಮ ಕೆಲಸದ ಅತ್ಯುತ್ತಮ ಚಿತ್ರಗಳು.

ಆಗದೆ ಉಳಿದ ಕೆಲಸಗಳೂ ಇವೆ. ಮನೆಯಿಂದ ಹೊರಹಾಕಲ್ಪಟ್ಟವರಿಗೆ ರಾತ್ರಿ ತಂಗಲು ಜಾಗ ಬೇಕೆಂಬ ಬೇಡಿಕೆ ಸಹಾಯವಾಣಿಗೆ ಬರುತ್ತಲೇ ಇದೆ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಹೋರಾಟಗಾರರಾದ ಮಾರ್ಷಾ ಪಿ. ಜಾನ್ಸನ್ ಮತ್ತು ಸಿಲ್ವಿಯಾ ರಿವೆರಾ 1970ರಲ್ಲಿ ನ್ಯೂಯಾರ್ಕಿನಲ್ಲಿ, ತಮಗೇ ನೆಲೆಯಿಲ್ಲದಿದ್ದಾಗ, ಬೀದಿಪಾಲಾದ ಕಿರಿಯರಿಗೆ ಆಶ್ರಯ ಒದಗಿಸಲು ಹೊರಟಿದ್ದರು ಎಂಬುದನ್ನು ನೆನೆದಾಗ ನಮ್ಮ ಅಡಚಣೆಗಳ ಪಟ್ಟಿ ಸಣ್ಣದಾಗಿ ತೋರುತ್ತದೆ. ಆದರೆ ರಾತ್ರಿ ಉಳಿಸಿಕೊಳ್ಳುವುದಕ್ಕೆ ಬೇಕಾದ ಅನುಮತಿ, ಕಾವಲು, ಸಂಬಳದ ಸಿಬ್ಬಂದಿ ಯಾವುದೂ ಈ ಟ್ರಸ್ಟಿನ ಅಳವಿನಲ್ಲಿಲ್ಲ. ಸದ್ಯಕ್ಕೆ ಬೇರೆ ಆಶ್ರಯತಾಣಗಳಿಗೆ ಕಳಿಸುತ್ತಿದ್ದೇವೆ.

ಜಾಡಿಗಳು ಎರಡಿವೆ, ಒಂದೊಂದು ಬಾಗಿಲಿಗೆ ಒಂದು. ಓಣಿಯ ಬಾಗಿಲಿನ ಜಾಡಿ ಬಹುತೇಕ ವಾರಗಳಲ್ಲಿ ಮೊದಲು ತುಂಬುತ್ತದೆ, ಗಾಲಿಕುರ್ಚಿ ಬಳಸುವವರು ಅದರಲ್ಲಿ ಒಬ್ಬಿಬ್ಬರು ಮಾತ್ರ. ಅಕ್ಕ ಈಗಲೂ ಮುಂಬಾಗಿಲಿನಿಂದಲೇ ಬರುತ್ತಾರೆ. ನಾನು ಆಯಾ ದಿನ ಯಾವುದು ಹತ್ತಿರವೋ ಅದರಿಂದ.

ಲಾಕರುಗಳಲ್ಲಿ ಐದನೆಯದನ್ನು ನಾಲ್ಕು ತಿಂಗಳಿಂದ ಯಾರೂ ತೆರೆದಿಲ್ಲ. ಮೂರು ತಿಂಗಳು ಬಳಸದಿದ್ದರೆ ಬೀಗ ಒಡೆದು ತೆರವು ಮಾಡಬೇಕೆಂದು ನಾವೇ ನಿಯಮ ಬರೆದಿದ್ದೇವೆ, ಕಾಯುವವರ ಪಟ್ಟಿಯಲ್ಲಿ ಆರು ಸಂಖ್ಯೆಗಳಿವೆ. ಕಳೆದ ಸಭೆಯಲ್ಲಿ ಈ ವಿಷಯ ಬಂದಾಗ, ಮೆಟ್ಟಿಲ ಪಕ್ಕದ ಗೋಡೆಗೆ ಇನ್ನೂ ನಾಲ್ಕು ಲಾಕರು ಹಿಡಿಸುತ್ತವೆಯೇ ಎಂದು ಅಳತೆ ತೆಗೆಸುವುದೆಂದೂ, ಅಲ್ಲಿಯ ತನಕ ಐದನೆಯದರ ತಂಟೆಗೆ ಹೋಗುವುದು ಬೇಡವೆಂದೂ ಎಲ್ಲರೂ ಒಪ್ಪಿದರು.